ದುಂಡಮ್ಮನ ಹೊರೆಗಲ್ಲು

ನಾನು ಒಂದು ಹೊರೆಗಲ್ಲು. ಸಂತೆಗೆ ಹೋಗುವ ದಾರಿಯ ಪಕ್ಕದಲ್ಲಿ, ಎರಡು ಕಲ್ಲುಗಂಬಗಳ ಮೇಲೆ ಅಡ್ಡಡ್ಡ ಮಲಗಿದ್ದೇನೆ. ಬೇರೆ ಕಲ್ಲುಗಳ ಹಾಗೆ ನನ್ನ ಮೈಮೇಲೆ ರಾಜರ ಬಿರುದಿಲ್ಲ, ಕುದುರೆ ಏರಿದ ವೀರನಿಲ್ಲ, ಒಂದು ಅಕ್ಷರವೂ ಇಲ್ಲ. ಹಾಗಂತ ನನಗೆ ಚರಿತ್ರೆಯೇ ಇಲ್ಲ ಅಂದುಕೊಂಡೀರಿ, ಜೋಕೆ!

ಹುಟ್ಟಿದ್ದು ಊರಾಚೆಯ ಬಂಡೆಯಲ್ಲಿ. ಯಾರದೋ ಹೊಸ ಮನೆಗೆ ಹೊಸ್ತಿಲಾಗಿ, ದಿನಾ ಅರಿಶಿನ ಕುಂಕುಮ ಹಚ್ಚಿಸಿಕೊಳ್ಳಬೇಕು ಅಂತ ಆಸೆಪಟ್ಟಿದ್ದೆ. ಬಂದವನು ಕರೀಗೌಡ. ಅವನ ದೊಡ್ಡ ಮಗಳು ದುಂಡಮ್ಮ ತುಂಬು ಬಸುರಿ, ಹೆರಿಗೆಯಾಗದೆ, ಮಗುವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ತೀರಿಹೋಗಿದ್ದಳು. ಹಾಗೆ ಹೋದವಳು ಆ ಲೋಕದಲ್ಲೂ ಹೊರೆ ಇಳಿಸಲಾಗದೆ ನಿಂತೇ ಇರುತ್ತಾಳಂತೆ. ಅವಳ ಹೆಸರಲ್ಲಿ ದಾರಿಯಲ್ಲೊಂದು ಕಲ್ಲು ನಿಲ್ಲಿಸಿ, ನಾಲ್ಕು ಜನ ಅದರ ಮೇಲೆ ತಲೆಹೊರೆ ಇಳಿಸಿದರೆ ಅವಳದೂ ಒಂದಿಷ್ಟು ಇಳಿಯುತ್ತದೆ ಅನ್ನುವುದು ನಮ್ಮ ಸೀಮೆಯ ನಂಬಿಕೆ.

ಎತ್ತರ ಎಷ್ಟಿರಲಿ ಅಂತ ಕಲ್ಲುಕುಟಿಗ ಕೇಳಿದ. ದುಂಡಮ್ಮನ ತಾಯಿ ಗಾಳಿಯಲ್ಲಿ ಕೈ ಹಿಡಿದು, "ನನ್ನ ಮಗಳ ಭುಜ ಇಲ್ಲೀಗಂಟ ಬತ್ತಿತ್ತು ಕನಪ್ಪ," ಅಂದಳು. ಅಷ್ಟೇ ಎತ್ತರಕ್ಕೆ ನನ್ನನ್ನು ಕೂರಿಸಿದರು.

ಆ ಕಾಲ ನೋಡಬೇಕಿತ್ತು ನೀವು! ಸಂತೆಯ ದಿನ ನನ್ನ ಬೆನ್ನಿಗೆ ಬಿಡುವೇ ಇಲ್ಲ. ಒಂಟಿಯಾಗಿ ಬರುವವರು ಹೊರೆಯನ್ನು ನೆಲಕ್ಕಿಟ್ಟರೆ ಮತ್ತೆ ಎತ್ತಿಕೊಡಲು ಇನ್ನೊಬ್ಬರು ಬೇಕು. ನನ್ನ ಮೇಲಾದರೆ ಹಾಗೇ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆಯೊಡ್ಡಿ ಹೊರಟುಬಿಡಬಹುದು. ರಾಗಿ ಮೂಟೆ ಬರುತ್ತಿತ್ತು, ಸೌದೆ ಬರುತ್ತಿತ್ತು, ಕೋಳಿ ಬುಟ್ಟಿ ಬರುತ್ತಿತ್ತು. ಕೋಳಿಗಳ ಉಪಟಳವೊಂದು ಬಿಟ್ಟರೆ ನನಗೆ ಎಲ್ಲವೂ ಇಷ್ಟ. ಹೊರೆ ಇಳಿಸಿ "ಅಮ್ಮಾ" ಅಂತ ಉಸಿರು ಬಿಡುತ್ತಿದ್ದರಲ್ಲ, ಅದನ್ನು ಕೇಳಲು ಬಲು ಹಿತವಾಗಿರುತ್ತಿತ್ತು.

ಆಮೇಲೆ ಬಸ್ಸು ಬಂತು. ಹೊರೆಗಳೆಲ್ಲ ಅದರ ನೆತ್ತಿಗೇರಿದವು, ನನ್ನ ಮೇಲೆ ಕಾಗೆ ಕೂತದ್ದೇ ಬಂತು. ಬಿಡದೆ ಬಂದವಳು ಒಬ್ಬಳೇ, ದುಂಡಮ್ಮನ ತಂಗಿ ಚಿಕ್ಕತಾಯಮ್ಮ. ಅಕ್ಕ ಸತ್ತಾಗ ಲಂಗ ಹಾಕುತ್ತಿದ್ದ ಹುಡುಗಿ, ಆ ಹೊತ್ತಿಗೆ ಮೊಮ್ಮಕ್ಕಳ ಮದುವೆ ಮಾಡಿದ ಮುದುಕಿ. ನಾನಿರುವ ತಿರುವಿನಲ್ಲಿ ಸ್ಟಾಪ್ ಇಲ್ಲ. ಆದರೂ ಪ್ರತಿ ಸಂತೆಗೂ ಗಲಾಟೆ ಮಾಡಿ ಇಳಿದು, ಬುಟ್ಟಿಯನ್ನು ತಲೆಗೇರಿಸಿಕೊಂಡು, ನಾಲ್ಕು ಹೆಜ್ಜೆ ನಡೆದು ಬಂದು ನನ್ನ ಮೇಲೆ ಇಳಿಸುವಳು. ಕಂಡಕ್ಟರ್ ಜಬ್ಬಾರ್‌ಗೆ ಅದೊಂದು ತಲೆನೋವು.

"ಊರ್ಗಂಟ ಟಿಕೆಟ್ ತಗಂಡು ಇಲ್ಯಾಕಜ್ಜಿ ಇಳೀತೀಯ? ಬಸ್ಸಲ್ಲಿ ಹೊರೆ ಹೊರೋ ಕಷ್ಟ ಇಲ್ವಲ್ಲ!"

"ನಮ್ಮಕ್ಕಂಗೆ ಬಸ್ಸಿಲ್ಲ ಕನ ಮಗಾ," ಅನ್ನುವಳು.

ಹೋದ ವರ್ಷ ರಸ್ತೆ ಅಗಲ ಮಾಡುವಾಗ ನನ್ನ ಕಥೆ ಮುಗಿಯಿತು ಅಂದುಕೊಂಡಿದ್ದೆ. ಯಾರೋ ಓದಿದವರು ಬಂದು ತಡೆದರು, ಪುಣ್ಯವಂತರು. ಸುತ್ತ ಕಬ್ಬಿಣದ ಬೇಲಿ ಹಾಕಿಸಿ, ನೀಲಿ ಬೋರ್ಡ್ ನೆಟ್ಟು ಹೋದರು. ಹಬ್ಬಕ್ಕೆ ಹೊಸ ಬಟ್ಟೆ ತೊಟ್ಟವರ ಹಾಗೆ ಬೀಗಿದೆ ನಾನು, ಮುಂದಿನ ಸಂತೆಯ ತನಕ.

ಚಿಕ್ಕತಾಯಮ್ಮ ಬುಟ್ಟಿ ಹೊತ್ತು ಬಂದಳು. ಬೇಲಿಗೆ ಬಾಗಿಲಿರಲಿಲ್ಲ. ಕೈ ಚಾಚಿದಳು, ನಾನು ಎಟುಕಲಿಲ್ಲ. ಅವಳ ಕತ್ತು ನಡುಗುವುದನ್ನು ಕಂಡು ಜಬ್ಬಾರ್ ಬಸ್ಸಿನಿಂದ ಇಳಿದು ಓಡಿಬಂದ.

"ಕೆಳಕ್ಕಿಡಜ್ಜಿ, ಬಿದ್ದೀಯ!"

"ನೆಲುಕ್ಕೆ ಮಡಗಕಿಲ್ಲ. ಅಕ್ಕ ಹೊತ್ಕಂಡೇ ನಿಂತವಳೆ, ನಾ ಹೆಂಗೆ ಮಡಗ್ಲಿ? ಅದೇನು ಬರ್ದವ್ರೆ ಓದು ಮಗಾ. ನಮ್ಮಕ್ಕನ ಹೆಸ್ರದಾ?"

ಜಬ್ಬಾರ್ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೂ ಓದಿದ. ಪುರಾತನ ಹೊರೆಗಲ್ಲು, ಸಂರಕ್ಷಿತ, ಮುಟ್ಟಿದವರಿಗೆ ದಂಡ.

"ಇಲ್ಲ ಕನಜ್ಜಿ."

"ಹೆಸ್ರು ಇಲ್ದಿದ್ರೆ ಹೋಗ್ಲಿ ಬುಡು. ಹೊರೆ ಇಳಿಸು."

ಜಬ್ಬಾರ್ ಒಮ್ಮೆ ಬೋರ್ಡ್ ನೋಡಿದ, ಒಮ್ಮೆ ಅಜ್ಜಿಯನ್ನು ನೋಡಿದ. ಪ್ಯಾಂಟು ಮೇಲೆತ್ತಿಕೊಂಡು ಬೇಲಿ ಹಾರಿಯೇಬಿಟ್ಟ. ಒಳಗಿನಿಂದ ಕೈಚಾಚಿ ಬುಟ್ಟಿ ತೆಗೆದುಕೊಂಡು, ಮಲಗಿದ ಕೂಸನ್ನು ಇಡುವ ಹಾಗೆ ಮೆಲ್ಲಗೆ ನನ್ನ ಮೇಲಿಟ್ಟ. ಕಲ್ಲಾಗಿ ಹೋದೆನಲ್ಲ, ಇಲ್ಲದಿದ್ದರೆ ಅತ್ತುಬಿಡುತ್ತಿದ್ದೆ. ಅಜ್ಜಿ ಬೇಲಿಯ ಸರಳು ಹಿಡಿದು ಕಣ್ಣು ಮುಚ್ಚಿದಳು.

"ಇಳೀತು ಕನಕ್ಕಾ," ಅಂದಳು. ಕಣ್ಣು ತೆರೆದು, "ನಾ ಹೋದ್ಮೇಲೆ ಯಾರು ಮಡಗ್ತಾರೆ ಮಗಾ?" ಅಂತ ಕೇಳಿದಳು.

ಜಬ್ಬಾರ್ ಮತ್ತೆ ಬೇಲಿ ಹಾರಿ ಈಚೆ ಬಂದ. ಬುಟ್ಟಿಯನ್ನು ತಾನೇ ಹೊತ್ತು, ಅವಳ ಕೈ ಹಿಡಿದು ಬಸ್ಸು ಹತ್ತಿಸಿದ.

ಈ ವರ್ಷ ಚಿಕ್ಕತಾಯಮ್ಮ ಇಲ್ಲ. ಅವಳು ಹೋದ ಮೇಲಿನ ಮೊದಲ ಸಂತೆಗೆ ಇನ್ನು ಯಾರು ಬರುತ್ತಾರೆ ಅಂತ ನಾನು ಮುಖ ಗಂಟು ಹಾಕಿಕೊಂಡಿದ್ದೆ. ಬಸ್ಸು ತಿರುವಿಗೆ ಬಂದು ನಿಂತಿತು. ಜಬ್ಬಾರ್ ತಲೆಯ ಮೇಲೊಂದು ಬುಟ್ಟಿ ಹೊತ್ತು ಇಳಿದ. ಕಿಟಕಿಯಿಂದ ಒಬ್ಬಳು ತರಕಾರಿ ಚೀಲ ಚಾಚಿದಳು, ಹಿಂದೆಯೇ ಇನ್ನೊಬ್ಬಳು. "ನಮ್ದೂ ಒಸಿ ಮಡಗಪ್ಪ, ದುಂಡಮ್ಮಂಗೆ."

ನನಗೂ ವಯಸ್ಸಾಯಿತು, ಅಂಚು ಸವೆದಿದೆ. ಸತ್ತವರ ಹೊರೆ ಇಳಿಯುತ್ತದೋ ಇಲ್ಲವೋ, ಕಲ್ಲಿಗೆ ಯಾರು ಬಂದು ಹೇಳುತ್ತಾರೆ? ಆದರೆ ಅವತ್ತು ಬೇಲಿ ಹಿಡಿದು ನಿಂತ ಆ ತಂಗಿಯ ಹೊರೆ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.