ಇಳಿಜಾರಿನಲ್ಲಿ ಮಾತ್ರ ಹೊತ್ತುವ ದೀಪ

ನಾರ್ವೆಯ ಪಡುವಣ ಕರಾವಳಿಯ ಸ್ಕಾರ್ವೊಯ ದ್ವೀಪದಲ್ಲಿ ಮನೆಗಳೆಲ್ಲ ಗುಡ್ಡದ ಮೇಲೆ, ಫೆರ್ರಿ ನಿಲ್ಲುವ ಜೆಟ್ಟಿ ಕೆಳಗೆ. ನಡುವೆ ಏಳು ತಿರುವುಗಳ ರಸ್ತೆ. ಬೆಳಗಿನ ಫೆರ್ರಿ ತಪ್ಪಿದರೆ ಮುಂದಿನದು ಮಧ್ಯಾಹ್ನಕ್ಕೇ. ಹಾಗಾಗಿ ಆ ರಸ್ತೆಯಲ್ಲಿ ನಿಧಾನವಾಗಿ ಇಳಿಯುವವರು ಕಡಿಮೆ. ಕೊನೆಯ ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ ಎಂದರೆ ಎದುರಿಗಿರುವುದು ಸಮುದ್ರವೇ.

ಮೀನುಗಾರ ಸಿಗ್ವೆಯ ಮೋಟಾರ್‌ಸೈಕಲ್ಲಿನಲ್ಲಿ ಬ್ರೇಕಿನ ಎಚ್ಚರಿಕೆಯ ಕೆಂಪು ದೀಪ ಮಿನುಗತೊಡಗಿ ಮೂರು ವಾರವಾಗಿತ್ತು. ಒಮ್ಮೆ ಹೊತ್ತುತ್ತಿತ್ತು, ಒಮ್ಮೆ ಆರುತ್ತಿತ್ತು. ಅದನ್ನು ಮೊದಲು ಕಂಡವಳು ಮಗಳು ಎಲ್ಡ್ರಿಡ್. ದಿನಾ ಬೆಳಿಗ್ಗೆ ಅಪ್ಪನ ಹಿಂದೆ ಕೂತು ಜೆಟ್ಟಿಗೆ ಬಂದು, ಅಲ್ಲಿಂದ ಆಚೆ ದಡದ ಮೀನು ಕಾರ್ಖಾನೆಗೆ ಹೋಗುವವಳು. ವಯಸ್ಸು ಇಪ್ಪತ್ತೊಂದು. ಶಾಲೆಯನ್ನು ಬೇಗ ಬಿಟ್ಟವಳು. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನಾಚುತ್ತಿದ್ದಳು, ಆದರೆ ಅವಳ ಕಣ್ಣು ತಪ್ಪಿಸಿ ಏನೂ ನಡೆಯುತ್ತಿರಲಿಲ್ಲ.

"ಅಪ್ಪ, ದೀಪ ಮತ್ತೆ ಹೊತ್ತಿತ್ತು."

"ಉಪ್ಪು ಕಣೇ. ಸಮುದ್ರದ ಗಾಳಿ ತಂತೀನ ತಿಂದಿರುತ್ತೆ. ನಲವತ್ತು ವರ್ಷದಿಂದ ದೋಣೀಲಿ ನೋಡ್ತಾ ಇದೀನಿ, ಮಿಣಿ ಮಿಣಿ ಅನ್ನೋ ದೀಪಕ್ಕೆಲ್ಲ ಉಪ್ಪೇ ಕಾರಣ."

ಸ್ಕಾರ್ವೊಯದ ದೋಣಿಯವರು ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ದೀಪ ಮಿನುಗಿತೇ? ತಂತಿ ಕಿತ್ತು, ಮರಳು ಕಾಗದದಲ್ಲಿ ಉಜ್ಜಿ, ಗ್ರೀಸ್ ಬಳಿದು ಮತ್ತೆ ಸಿಕ್ಕಿಸು. ದೋಣಿಯ ಮಟ್ಟಿಗೆ ಅದು ಬಹಳ ಸಲ ನಿಜವೂ ಹೌದು. ಸಿಗ್ವೆ ಗಾಡಿಗೂ ಅದನ್ನೇ ಮಾಡಿದ. ಎರಡು ದಿನ ದೀಪದ ಸುಳಿವಿಲ್ಲ.

"ನೋಡಿದೆಯಾ?" ಎಂದು ಮೀಸೆ ತಿರುವಿದ.

ಎಲ್ಡ್ರಿಡ್ ನೋಡಿದ್ದಳು. ಆ ಎರಡು ದಿನ ಬಿರುಗಾಳಿಯೆಂದು ಫೆರ್ರಿ ನಿಂತಿತ್ತು. ಗಾಡಿ ಗುಡ್ಡ ಇಳಿದಿರಲೇ ಇಲ್ಲ, ಮೇಲಿನ ಸಮತಟ್ಟು ರಸ್ತೆಯಲ್ಲಿ ಅಂಗಡಿಯವರೆಗೆ ಹೋಗಿ ಬಂದಿತ್ತಷ್ಟೇ. ಮೂರನೆಯ ದಿನ ನಾಲ್ಕನೇ ತಿರುವಿನಲ್ಲಿ ದೀಪ ಮತ್ತೆ ಕಣ್ಣು ಬಿಟ್ಟಿತು.

ಅವಳಿಗೆ ಹೆದರಿಕೆ ಹುಟ್ಟಿದ್ದು ತನಗಾಗಿ ಅಲ್ಲ. ಬರುವ ಭಾನುವಾರ ಆಚೆ ದಡದ ಚರ್ಚಿನಲ್ಲಿ ಸೋದರಮಾವನ ಮಗಳ ದೃಢೀಕರಣದ ಹಬ್ಬ, ಹರೆಯಕ್ಕೆ ಬಂದವರು ತಮ್ಮ ನಂಬಿಕೆಯನ್ನು ಎಲ್ಲರೆದುರು ಖಚಿತಪಡಿಸುವ ದಿನ. ಅಪ್ಪ ಅಮ್ಮ ಇದೇ ಗಾಡಿಯಲ್ಲಿ ಹೋಗುವವರಿದ್ದರು. ಅಮ್ಮ ಓಷಿಲ್ಡ್ ಉಣ್ಣೆಯ ಲಂಗ ತೆಗೆದು ಗಾಳಿಗೆ ಹರವಿದ್ದಳು, ಅಜ್ಜಿಯ ಕಾಲದ ಬೆಳ್ಳಿ ಪದಕಗಳನ್ನು ತಿಕ್ಕಿ ತಿಕ್ಕಿ ಬೆಳಗಿದ್ದಳು. ಆ ತಿರುವುಗಳಲ್ಲಿ ಅಮ್ಮ ಹಿಂದೆ ಕೂತಿರುವುದನ್ನು ನೆನೆದರೆ ಎಲ್ಡ್ರಿಡ್‌ಳ ಕಣ್ಣ ಮುಂದೆ ಕೊನೆಯ ತಿರುವಿನ ಸಮುದ್ರವೇ ಬರುತ್ತಿತ್ತು. ಕಾರಣ ತಿಳಿಯುವವರೆಗೆ ಅಮ್ಮನನ್ನು ಆ ಗಾಡಿ ಹತ್ತಲು ಬಿಡುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಆದರೆ ಅಪ್ಪನ ಜೊತೆ ವಾದ ಮಾಡುವ ನಾಲಿಗೆ ಅವಳಿಗಿರಲಿಲ್ಲ. ಅವಳು ಬರೆಯತೊಡಗಿದಳು. ಮೀನಿನ ಪೆಟ್ಟಿಗೆಗೆ ಅಂಟಿಸುವ ಚೀಟಿಗಳ ಹಿಂದೆ, ಪೆನ್ಸಿಲಿನಲ್ಲಿ:

ಇಳಿಯುವಾಗ ಹೊತ್ತಿತು. ಸಮ ರಸ್ತೆ, ಇಲ್ಲ. ಹತ್ತುವಾಗ ಇಲ್ಲ. ಕುರಿ ಅಡ್ಡ ಬಂತು, ಅಪ್ಪ ಜೋರಾಗಿ ಬ್ರೇಕ್ ಹಿಡಿದರು, ಹೊತ್ತಿತು. ಮಳೆಯಲ್ಲಿ ಇಳಿದೆವು, ಹೊತ್ತಿತು. ಒಣ ಬಿಸಿಲಲ್ಲಿ ಇಳಿದೆವು, ಆಗಲೂ ಹೊತ್ತಿತು.

ಶುಕ್ರವಾರ ಕೆಲಸ ಮುಗಿಸಿ ಬಂದು ದ್ವೀಪದ ಬಸ್ ಗ್ಯಾರೇಜಿಗೆ ಹೋದಳು. ಅಲ್ಲಿ ಬಸ್ಸುಗಳ ರಿಪೇರಿ ಮಾಡುವವಳು ಒಡ್ನಿ, ಇವರ ಪಕ್ಕದ ಮನೆಯವಳೇ. ಎಲ್ಡ್ರಿಡ್ ಬಾಗಿಲಲ್ಲೇ ನಿಂತಳು. ಬಹಳ ಹೊತ್ತು ನಿಂತಳು.

ಬಸ್ಸಿನ ಅಡಿಯಿಂದ ದನಿ ಬಂತು. "ಯಾರದು? ಬಾಗಿಲಿಗೆ ಬಣ್ಣ ಹೊಡಿಯೋಕೆ ಬಂದಿದೀಯೋ, ಇಲ್ಲಾ ಒಳಗೆ ಬರ್ತೀಯೋ?"

ಎಲ್ಡ್ರಿಡ್ ಒಳಗೆ ಬಂದು ಚೀಟಿಗಳನ್ನು ಚಾಚಿದಳು. ಒಡ್ನಿ ಹೊರಗೆ ಬಂದು ಕೈ ಒರೆಸಿಕೊಂಡು ಒಂದೊಂದನ್ನೇ ಓದಿದಳು.

"ನೀನೇ ಬರೆದಿದ್ದಾ? ನಮ್ಮ ಡ್ರೈವರುಗಳು 'ಏನೋ ಒಂಥರಾ ಸದ್ದು' ಅಂತಾರೆ, ಅಷ್ಟೇ. ಯಾವಾಗ, ಎಲ್ಲಿ ಅಂತ ಇಷ್ಟು ಹೇಳಿದ್ರೆ ನನ್ನ ಅರ್ಧ ತಲೆ ಬೆಳ್ಳಗಾಗ್ತಿರಲಿಲ್ಲ." ಮತ್ತೆ ಚೀಟಿ ನೋಡಿ ಗಂಭೀರಳಾದಳು. "ಉಪ್ಪು ಹಿಡಿದ ತಂತಿಗೆ ಗುಡ್ಡ ಯಾವುದು, ಬಯಲು ಯಾವುದು ಅಂತ ಗೊತ್ತಾಗಲ್ಲ. ಇದು ಬೇರೆ ಏನೋ. ನಾಳೆ ಬರ್ತೀನಿ. ಅಲ್ಲೀವರೆಗೂ ಗಾಡಿ ತೆಗಿಯೋದು ಬೇಡ."

ಶುಕ್ರವಾರ ಬೆಳಿಗ್ಗೆ ಇಳಿದ ಗಾಡಿ ಜೆಟ್ಟಿಯ ಪಕ್ಕದ ದೋಣಿಮನೆಯಲ್ಲೇ ಉಳಿದಿತ್ತು; ಶನಿವಾರ ಮಧ್ಯಾಹ್ನ ಒಡ್ನಿ ಅಲ್ಲಿಗೆ ಬಂದಾಗ ಸಿಗ್ವೆ ಅದಕ್ಕೆ ಪಾಲಿಶ್ ಹಾಕುತ್ತಿದ್ದ.

"ಏನು ಒಡ್ನಿ, ನನ್ನ ಗಾಡಿಗೂ ಟಿಕೆಟ್ ಹರಿಯೋಕೆ ಬಂದ್ಯಾ?"

"ನಿನ್ನಂಥ ಪ್ರಯಾಣಿಕ ಬೇಡಪ್ಪ, ಕಂಡಕ್ಟರಿಗೇ ಉಪದೇಶ ಮಾಡ್ತೀಯ. ಕೀ ತಿರುಗಿಸು, ನೋಡೋಣ."

ಸಮ ನೆಲದಲ್ಲಿ ದೀಪ ಹೊತ್ತಲಿಲ್ಲ. "ಕಂಡ್ಯಾ? ಗ್ರೀಸ್ ಹಾಕಿದ್ದೀನಲ್ಲ!" ಎಂದ ಸಿಗ್ವೆ.

ದೋಣಿಯನ್ನು ನೀರಿಗೆ ಇಳಿಸುವ ಕಲ್ಲಿನ ಇಳಿಜಾರು ಪಕ್ಕದಲ್ಲೇ ಇತ್ತು. ಸಿಗ್ವೆ, ಒಡ್ನಿ, ಎಲ್ಡ್ರಿಡ್ ಮೂವರೂ ಗಾಡಿಯನ್ನು ಬಿಗಿಯಾಗಿ ಹಿಡಿದು ಅದರ ಮೇಲೆ ಮೂತಿ ಕೆಳಗಾಗಿ ನಿಲ್ಲಿಸಿದರು. ದೀಪ ಹೊತ್ತಿತು. ತಿರುಗಿಸಿ ಮೂತಿ ಮೇಲಾಗಿ ನಿಲ್ಲಿಸಿದರು. ಆರಿತು. ಮತ್ತೆ ಕೆಳಗೆ, ಮತ್ತೆ ಹೊತ್ತಿತು. ಸಿಗ್ವೆ ಬಾಗಿ ದೀಪವನ್ನು ಬೆರಳಿಂದ ತಟ್ಟಿದ. ಅದು ಆರಲಿಲ್ಲ.

ಒಡ್ನಿ ಹ್ಯಾಂಡಲ್ ಮೇಲಿನ ಪುಟ್ಟ ಡಬ್ಬಿ ತೋರಿಸಿದಳು. "ಇದರೊಳಗೆ ಬ್ರೇಕ್ ಫ್ಲೂಯಿಡ್ ಇರುತ್ತೆ. ಅದರ ಮೇಲೊಂದು ತೇಲುಬುಂಡೆ. ಫ್ಲೂಯಿಡ್ ಕಮ್ಮಿ ಆದ್ರೆ ಅದು ಕೆಳಗಿಳಿದು ದೀಪ ಹಚ್ಚುತ್ತೆ. ನಿಂದು ಅಂಚಿಗೆ ಬಂದು ನಿಂತಿದೆ. ಗಾಡಿ ಮುಂದಕ್ಕೆ ಬಾಗಿದಾಗ ಇದ್ದ ಚೂರೂ ಮುಂದೆ ಸರಿಯುತ್ತೆ, ದೀಪ ಹೊತ್ತುತ್ತೆ. ಸಮ ರಸ್ತೇಲಿ ವಾಪಸ್ ಬರುತ್ತೆ, ದೀಪ ಆರುತ್ತೆ."

ಗಾಡಿಯನ್ನು ಸಮ ನೆಲಕ್ಕೆ ತಂದು, ಡಬ್ಬಿಯ ಸುತ್ತ ಒರೆಸಿ ಮುಚ್ಚಳ ಬಿಚ್ಚಿದಳು. ಫ್ಲೂಯಿಡ್ ಕೆಳಗಿನ ಗೆರೆಗಿಂತ ಚೂರು ತಗ್ಗಿತ್ತು, ಟೀ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು.

"ಇಷ್ಟಕ್ಕೇನಾ ಇಷ್ಟು ಗಲಾಟೆ!" ಸಿಗ್ವೆ ದೋಣಿಮನೆಯೊಳಗೆ ನುಗ್ಗಿ, ದೋಣಿಯ ಚುಕ್ಕಾಣಿಗೆ ಹಾಕುವ ಎಣ್ಣೆಯ ಕ್ಯಾನ್ ಹಿಡಿದು ಬಂದ. "ಇದೂ ಒತ್ತಡದಲ್ಲಿ ಕೆಲಸ ಮಾಡೋ ಎಣ್ಣೇನೇ. ಒಂದು ಗುಟುಕು ಹಾಕಿದ್ರೆ ಮುಗೀತು."

ಕ್ಯಾನ್ ಬಾಗುವಷ್ಟರಲ್ಲಿ ಡಬ್ಬಿಯ ಬಾಯಿಯ ಮೇಲೆ ಒಂದು ಅಂಗೈ ಬಂದು ಕೂತಿತು. ಎಲ್ಡ್ರಿಡ್‌ಳದು.

"ಕೈ ತೆಗಿಯೇ."

"ತೆಗಿಯಲ್ಲ ಅಪ್ಪ."

ಅವಳು ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದಳು. ಮಗಳು ಎದುರು ನಿಂತದ್ದನ್ನು ಸಿಗ್ವೆ ಅದುವರೆಗೆ ಕಂಡಿರಲಿಲ್ಲ. ಕ್ಯಾನ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಮೊದಲು ಇದ್ದದ್ದು ಎಲ್ಲಿಗೆ ಹೋಯ್ತು ಅಂತ ಗೊತ್ತಾಗ್ಲಿ. ದೋಣೀಲಿ ನೀರು ತುಂಬ್ತಿದ್ರೆ ತೂತು ಹುಡುಕ್ತೀರೋ, ಸುಮ್ನೆ ಮೊಗೆದು ಹಾಕ್ತಾ ಇರ್ತೀರೋ?"

ಒಡ್ನಿ ಕ್ಯಾನನ್ನು ಮೆಲ್ಲಗೆ ಕಸಿದುಕೊಂಡಳು. "ಅವಳು ನಿನ್ನ ಜೀವ ಉಳಿಸಿದ್ಲು ಸಿಗ್ವೆ. ಈ ಎಣ್ಣೆ ಒಳಗೆ ಹೋದ್ರೆ ಬ್ರೇಕಿನ ರಬ್ಬರೆಲ್ಲ ಊದಿಕೊಂಡು ಕೆಟ್ಟು ಹೋಗುತ್ತೆ. ಒಂದಿನ ಬ್ರೇಕ್ ಹಿಡಿದ್ರೆ ಬಿಡಲ್ಲ, ಇಲ್ಲಾ ಹಿಡಿಯೋದೇ ಇಲ್ಲ."

ಮುಚ್ಚಳ ಹಾಕಿ, ಪೈಪಿನುದ್ದಕ್ಕೂ ಬೆರಳಾಡಿಸಿದಳು. ಎಲ್ಲೂ ಒದ್ದೆಯಿಲ್ಲ, ಸೋರಿಲ್ಲ. ಆಮೇಲೆ ಮುಂದಿನ ಚಕ್ರದ ಪಕ್ಕ ಕೂತು ಬ್ರೇಕ್ ಪ್ಯಾಡುಗಳನ್ನು ಬಿಚ್ಚಿದಳು. ಒಂದರಲ್ಲಿ ಇನ್ನೂ ದಪ್ಪ ಉಳಿದಿತ್ತು. ಇನ್ನೊಂದು ಸವೆದು ಸವೆದು ಉಗುರಿನಷ್ಟು ತೆಳ್ಳಗಾಗಿ, ಒಂದು ಅಂಚಿನಲ್ಲಿ ಕಬ್ಬಿಣವೇ ಕಾಣುತ್ತಿತ್ತು.

"ಪ್ಯಾಡ್ ಸವೆದಷ್ಟೂ ಅದನ್ನ ಒತ್ತೋ ಪಿಸ್ಟನ್ ಹೊರಗೆ ಬರುತ್ತೆ. ಅದರ ಹಿಂದೆ ತುಂಬಿಕೊಳ್ಳೋಕೆ ಮೇಲಿನ ಫ್ಲೂಯಿಡ್ ಇಳೀತದೆ. ನಿನ್ನ ಫ್ಲೂಯಿಡ್ ಹೋಗಿದ್ದು ಅಲ್ಲಿಗೆ. ಮೇಲೆ ತುಂಬಿಸಿದ್ರೆ ದೀಪ ಆರ್ತಿತ್ತು, ಪ್ಯಾಡ್ ಮಾತ್ರ ಮುಗೀತಾ ಹೋಗ್ತಿತ್ತು." ಒಡ್ನಿ ಒಂದು ಪಿನ್ನನ್ನು ಎಳೆದು ತೋರಿಸಿದಳು. ಬೆಳ್ಳಗೆ ಹಿಟ್ಟು ಹಿಡಿದು ಬಿಗಿದುಕೊಂಡಿತ್ತು. "ಬ್ರೇಕ್ ಇದರ ಮೇಲೆ ಜಾರಬೇಕು. ಜಾರದೇ ಒಂದೇ ಪ್ಯಾಡ್ ಸವೆದಿದೆ. ಉಪ್ಪು ಅಂದ್ಯಲ್ಲ, ಉಪ್ಪೇ. ನೀನು ಹುಡುಕಿದ ಜಾಗ ತಪ್ಪು, ಅಷ್ಟೇ."

ಸಿಗ್ವೆ ಪ್ಯಾಡನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ. ಹೊಸ ಪ್ಯಾಡು ಸಿಗುವುದು ಸೋಮವಾರವೇ, ಆಚೆ ದಡದ ಅಂಗಡಿಯಲ್ಲಿ.

"ನಾಳೆ ಒಂದಿನ ಇದನ್ನೇ ಹಾಕ್ಕೊಂಡು ನಿಧಾನವಾಗಿ ಇಳಿದ್ರೆ?" ಎಂದ, ದನಿ ತಗ್ಗಿಸಿ. "ಭಾನುವಾರ ಜೆಟ್ಟಿಗೆ ಹೋಗೋ ಬಸ್ಸು ಬೆಳಿಗ್ಗೆ ಆರು ಗಂಟೆಗೇ ಹೊರಡುತ್ತೆ. ಅಷ್ಟು ಬೇಗ ಯಾರು ಏಳ್ತಾರೆ?"

ಎಲ್ಡ್ರಿಡ್ ಗಾಡಿಯಿಂದ ಕೀ ತೆಗೆದು ಮುಷ್ಟಿಯಲ್ಲಿ ಹಿಡಿದಳು. ಅಷ್ಟರಲ್ಲಿ ಕಾಫಿಯ ಕೆಟಲ್ ಹಿಡಿದು ಬಂದಿದ್ದ ಓಷಿಲ್ಡ್, ಗಂಡನ ಕೈಯಲ್ಲಿದ್ದ ಪ್ಯಾಡನ್ನೂ ಮಗಳ ಮುಷ್ಟಿಯನ್ನೂ ನೋಡಿದಳು.

"ನಾನು ಏಳ್ತೀನಿ," ಎಂದಳು. "ನಮ್ಮಜ್ಜಿ ಬೆಳ್ಳೀನ ನಾನು ತಿಕ್ಕಿರೋದು ಚರ್ಚಿನಲ್ಲಿ ಹೊಳೀಲಿ ಅಂತ. ಸಮುದ್ರದ ತಳದಲ್ಲಿ ಮೀನಿಗೆ ತೋರ್ಸೋಕಲ್ಲ. ನೀನು ಬಸ್ಸಿಗೆ ಬರ್ತೀಯೋ, ನಾನೊಬ್ಳೇ ಹೋಗ್ಲೋ?"

ಸಿಗ್ವೆ ಮೂವರು ಹೆಂಗಸರನ್ನೂ ಒಮ್ಮೆ ನೋಡಿದ. ಪ್ಯಾಡನ್ನು ಮತ್ತೊಮ್ಮೆ ನೋಡಿದ. "ಅಲಾರಂ ಇಡು," ಎಂದ.

ಭಾನುವಾರ ಬಸ್ಸಿನಲ್ಲಿ ಅರ್ಧ ಊರೇ ಅವನನ್ನು ಗೇಲಿ ಮಾಡಿತು. ಮಂಗಳವಾರ ಒಡ್ನಿ ಪಿನ್ನುಗಳನ್ನು ಉಜ್ಜಿ, ಅದಕ್ಕೆಂದೇ ಇರುವ ಗ್ರೀಸ್ ಸವರಿದಳು. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ಒತ್ತಿದಾಗ, ಮೇಲಿನ ಡಬ್ಬಿಯಲ್ಲಿ ಫ್ಲೂಯಿಡ್ ತಾನಾಗಿ ಏರಿ ಮೇಲಿನ ಗೆರೆ ಮುಟ್ಟಿತು. ಒಂದು ಹನಿಯೂ ಹಾಕಿರಲಿಲ್ಲ. ಸಿಗ್ವೆ ಬಾಯಿ ತೆರೆದು ನೋಡುತ್ತಾ ನಿಂತ. ಆಮೇಲೆ ಆ ಕಪ್ಪಾದ ಹಳೆಯದನ್ನು ಪೂರ್ತಿ ತೆಗೆದು, ಸೀಲು ಒಡೆಯದ ಡಬ್ಬಿಯಿಂದ ಹೊಸದನ್ನು ತುಂಬಿದರು. ಬುಧವಾರ ಏಳು ತಿರುವು ಇಳಿದರೂ ದೀಪ ಹೊತ್ತಲಿಲ್ಲ. ಈಗ ಜೆಟ್ಟಿಯಲ್ಲಿ ಯಾರಾದರೂ ಗಾಡಿಯ ತೊಂದರೆ ಹೇಳಿದರೆ ಸಾಕು, "ಯಾವಾಗ ಆಗುತ್ತೆ, ಬರೆದಿಟ್ಟಿದೀಯಾ?" ಎಂದು ಸಿಗ್ವೆ ಜೋರು ಮಾಡುತ್ತಾನೆ, ತಾನೇ ಕಂಡುಹಿಡಿದವನಂತೆ. ಎಲ್ಡ್ರಿಡ್ ಸುಮ್ಮನೆ ನಗುತ್ತಾಳೆ.

ಇದನ್ನು ಓದುತ್ತಿರುವವರೇ, ನಿಮ್ಮ ಗಾಡಿಯಲ್ಲೂ ಬ್ರೇಕಿನ ದೀಪ ಹೊತ್ತಿ ಆರುತ್ತಿದೆಯೇ? ಕೆಲವು ಗಾಡಿಗಳಲ್ಲಿ ಕೀ ತಿರುಗಿಸಿದಾಗ ಹೊತ್ತಿ, ಗಾಡಿ ಹೊರಟ ಮೇಲೆ ಆರುವುದು ಸಹಜ. ಓಡುವಾಗ ಮತ್ತೆ ಹೊತ್ತಿದರೆ ಸಹಜವಲ್ಲ. ಆರಿತಲ್ಲ ಎಂದು ಸುಮ್ಮನಾಗಬೇಡಿ, ಅದರ ಮೇಲೆ ಟೇಪ್ ಅಂಟಿಸಬೇಡಿ. ಇಳಿಜಾರಿನಲ್ಲೋ, ತಿರುವಿನಲ್ಲೋ, ಮಳೆಯಲ್ಲೋ, ಎಲ್ಲಿ ಹೊತ್ತಿತು ಎಂದು ಬರೆದುಕೊಂಡು ಮೆಕ್ಯಾನಿಕ್ಕಿಗೆ ತೋರಿಸಿ. ಗಾಡಿಯನ್ನು ಸಮ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ ಫ್ಲೂಯಿಡ್ ಕೆಳಗಿನ ಗೆರೆಗಿಂತ ತಗ್ಗಿದೆಯೇ ನೋಡಿ. ಕಮ್ಮಿಯಿದ್ದರೆ ತುಂಬಿಸುವ ಮೊದಲು ಪ್ಯಾಡ್ ಸವೆದಿದೆಯೇ, ಎಲ್ಲಾದರೂ ಸೋರಿದೆಯೇ ಪರೀಕ್ಷೆ ಮಾಡಿಸಿ. ಡಬ್ಬಿಯ ಮೇಲೆ ಬರೆದಿರುವ ಫ್ಲೂಯಿಡನ್ನೇ ಹಾಕಿಸಿ, ಬೇರೆ ಯಾವ ಎಣ್ಣೆಯನ್ನೂ ಅಲ್ಲ. ಕಾರಣ ತಿಳಿಯುವವರೆಗೆ ಬಸ್ಸಿನಲ್ಲಿ ಹೋಗಿ, ನಡೆದು ಹೋಗಿ. ನಿಮ್ಮನ್ನು ನಂಬಿ ಹಿಂದೆ ಕೂರುವವರ ಕೈಯಲ್ಲಿ ಬ್ರೇಕ್ ಇರುವುದಿಲ್ಲ.