ಮುಳ್ಳಿಲ್ಲದ ಕಳ್ಳಿಯ ಹಿಂದಿನ ಜಾಗ

ನಾನು ಒಂದು ಕಳ್ಳಿ. ಹಾಗೆಂದ ಕೂಡಲೇ ನೀವು ಕೈ ಹಿಂದಕ್ಕೆಳೆದುಕೊಳ್ಳುತ್ತೀರಿ, ಗೊತ್ತು. ಹೆದರಬೇಡಿ, ನನಗೆ ಮುಳ್ಳಿಲ್ಲ. ಗುಂಡಗೆ, ಬೂದುಹಸಿರಾಗಿ, ನೆಲಕ್ಕಂಟಿ ಕೂತ ಕಡುಬಿನಂತಿದ್ದೇನೆ. ನನ್ನ ಕುಲದ ಹೆಸರು ಪೆಯೋಟಿ. ಮುಳ್ಳಿನ ಬದಲು ದೇವರು ನಮಗೆ ಕಹಿ ಕೊಟ್ಟ. ಆ ಕಹಿಯಲ್ಲಿ ಮೆಸ್ಕಲಿನ್ ಎಂಬುದೊಂದಿದೆ. ತಿಂದವರಿಗೆ ಮೊದಲು ವಾಂತಿ, ಎದೆ ಡವಡವ, ಆಮೇಲೆ ಲೋಕದಲ್ಲಿಲ್ಲದ ಬಣ್ಣಗಳು ಕಾಣುತ್ತವೆ.

ನನ್ನ ಹಿರಿಯರು ಮೆಕ್ಸಿಕೋದ ಮರುಭೂಮಿಯವರು. ನಾನು ಮಾತ್ರ ಹುಟ್ಟಿದ್ದು ಧಾರವಾಡದ ಒಂದು ಮಾಳಿಗೆಯ ಮೇಲೆ, ಕಿವಿ ಮುರಿದ ಚಹಾ ಕಪ್ಪಿನಲ್ಲಿ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ಸುವರ್ಣಾ ಟೀಚರಿಗೆ ಕಳ್ಳಿಗಳ ಹುಚ್ಚು. ಅದೇ ಹುಚ್ಚಿನ ಗೆಳೆಯ, ಬೆಳಗಾವಿಯ ಮುತಾಲಿಕರು ಕೊಟ್ಟ ಬೀಜದಿಂದ ಟೀಚರು ನನ್ನನ್ನು ಎಬ್ಬಿಸಿದರು. ಗೋಲಿಯಷ್ಟಾಗಲು ನನಗೆ ವರ್ಷಗಳೇ ಬೇಕಾದವು. ಟೀಚರು ಅಪರೂಪಕ್ಕೆ, ಅದೂ ಚಮಚದಲ್ಲಿ ನೀರು ಕೊಡುತ್ತಿದ್ದರು. ನೀರು ಹೆಚ್ಚಾದರೆ ನಮ್ಮ ಬೇರು ಕೊಳೆಯುತ್ತದೆ.

ಟೀಚರ ಗಂಡ ಈರಬಸಪ್ಪ. ಹೆಂಡತಿಗೆ ಬಹುವಚನ, ಗಂಡನಿಗೆ ಏಕವಚನವೇ ಎಂದು ಕೇಳಬೇಡಿ, ಅವನೊಂದಿಗೆ ನನಗೆ ಸಲಿಗೆ. ಮನುಷ್ಯ ಬಂಗಾರ, ಆದರೆ ಕುಡಿತ. ಬಾಟಲಿಯನ್ನು ಕಳ್ಳಿಕುಂಡಗಳ ನಡುವೆ ಬಚ್ಚಿಡುತ್ತಿದ್ದ. ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲವಲ್ಲ. ಮೊದಮೊದಲು ತಾನೇ ಚುಚ್ಚಿಸಿಕೊಂಡು, ಕೊನೆಗೆ ನನ್ನ ಹಿಂದಿನ ಜಾಗ ಹಿಡಿದ. ಸಂಜೆ ಬಾಟಲಿಗಾಗಿ ತಡಕಾಡುವಾಗ ಅವನ ಕೈ ನನ್ನ ಮೈ ಸವರಿಕೊಂಡು ಹೋಗುತ್ತಿತ್ತು. ನನಗೆ ಸಿಟ್ಟು ಬರಲಿಲ್ಲ, ಪಾಪ ಅನಿಸುತ್ತಿತ್ತು.

ಒಂದು ದಿನ ಟೀಚರು, ಇನ್ನೊಮ್ಮೆ ಕುಡಿದರೆ ಗದಗಿನ ತವರಿಗೆ ಹೋಗುತ್ತೇನೆ, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದರು. ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಅದು ಈರಬಸಪ್ಪನಿಗೂ ಗೊತ್ತಿತ್ತು.

ಅದೇ ವಾರ ಮುತಾಲಿಕರು ಬಂದು, ಚಹಾ ಕುಡಿಯುತ್ತ ನನ್ನ ಕುಲದ ಕಥೆ ಹೇಳಿದರು. ಮೆಕ್ಸಿಕೋ ಕಡೆಯ ಕೆಲವು ಬುಡಕಟ್ಟಿನವರು ನಮ್ಮನ್ನು ಪೂಜಿಸಿ, ತಲೆಯನ್ನಷ್ಟೇ ಕೊಯ್ದು, ಮತ್ತೆ ಚಿಗುರಲೆಂದು ಬೇರು ಉಳಿಸುತ್ತಾರಂತೆ. ಎಲ್ಲರೂ ಕೂಡಿ ಕೂತು, ಪ್ರಾರ್ಥನೆ ಮಾಡಿ ತಿನ್ನುತ್ತಾರಂತೆ. ಹಾಗೆ ಕೂತು ಕುಡಿತ ಬಿಟ್ಟವರೂ ಇದ್ದಾರಂತೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಈರಬಸಪ್ಪ ಪೂಜೆ, ಬೇರು ಎಲ್ಲ ನೆನಪಿಟ್ಟುಕೊಂಡ. ಕೂಡಿ ಕೂರುವುದೊಂದನ್ನು ಮರೆತ.

ಮರುದಿನ ಟೀಚರು ಶಾಲೆಗೆ ಹೋದ ಮೇಲೆ ಸ್ನಾನ ಮಾಡಿ ಬಂದ. ನನಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಕೈಮುಗಿದು, ತಲೆ ಕೊಯ್ದ. ನೋವಾಯಿತು. ಬೆಲ್ಲದ ಜೊತೆ ನುಂಗಿದ. ನನ್ನ ಕಹಿಯ ಮುಂದೆ ಬೆಲ್ಲ ಏನು ಮಾಡೀತು?

ಟೀಚರು ಬಂದಾಗ ಅವನು ಮಾಳಿಗೆಯ ಮೇಲೆ ವಾಂತಿ ಮಾಡುತ್ತ ಬಿದ್ದಿದ್ದ. ಕುಡಿದಿದ್ದಾನೆಂದೇ ತಿಳಿದು ಅವರ ಮುಖ ಕಲ್ಲಾಯಿತು. ಆಮೇಲೆ ನನ್ನ ಕುಂಡದತ್ತ ಕಣ್ಣು ಹೋಯಿತು. ಕೊಯ್ದ ಕುತ್ತಿಗೆ, ಸುತ್ತ ವಿಭೂತಿ ಕಂಡವು. ಡಾಕ್ಟರಿಗೆ ಹೇಳಿ ಕಳಿಸಿ, ಬೋಗುಣಿ ಹಿಡಿದು, ಬೆನ್ನು ಸವರುತ್ತ ಪಕ್ಕದಲ್ಲೇ ಕೂತರು. ಚೇತರಿಸಿಕೊಂಡ ಮೇಲೆ ಕೇಳಿದರು:

“ಏನರೆ ಕಾಣಿಸ್ತೇನ್ರಿ?”

“ಏನೂ ಕಾಣಿಸ್ಲಿಲ್ಲ. ನೀ ಬೋಗಾಣಿ ಹಿಡಕೊಂಡು ಕುಂತಿದ್ದಷ್ಟ ಕಾಣಿಸ್ತು.”

ಬಣ್ಣ ತೋರಿಸುವಷ್ಟು ರಸ ನನ್ನ ಎಳೆಯ ಮೈಯಲ್ಲಿ ಇನ್ನೂ ಕೂಡಿರಲಿಲ್ಲ. ಟೀಚರು ಬೋಗುಣಿ ಕೆಳಗಿಟ್ಟರು.

“ಅಲ್ಲಿ ಮಂದಿ ಒಬ್ಬೊಬ್ರ ತಿನ್ನಂಗಿಲ್ರಿ, ಕೂಡಿ ಕುಂಡ್ರತಾರ. ನೀವೂ ಬಿಡೋದಿದ್ರ ನಾಕ್ ಮಂದಿ ಜೋಡಿ ಕುಂತು ಬಿಡಬೇಕು. ನಾನೂ ಬರ್ತೀನಿ.”

ಕುಡಿತ ಬಿಟ್ಟವರು ವಾರವಾರ ಸೇರುವ ಕೂಟಕ್ಕೆ ಇಬ್ಬರೂ ಹೋಗತೊಡಗಿದರು. ಈರಬಸಪ್ಪ ನಡುವೆ ಜಾರಿದ, ಮತ್ತೆ ಎದ್ದ. ಕೊನೆಗೆ ಬಿಟ್ಟೇಬಿಟ್ಟ. ನೆರೆಯವರಿಗೆಲ್ಲ ಇದು ಈ ಗಿಡದ ಮಹಿಮೆ ಎನ್ನುತ್ತಾನೆ. ದುಡಿದವರು ಯಾರೋ, ಹೆಸರು ನನಗೆ. ಕೊಯ್ದ ಕುತ್ತಿಗೆಯಿಂದ ನನಗೂ ಮೂರು ತಲೆ ಚಿಗುರಿದವು.

ಈಗ ನನಗೆ ವಯಸ್ಸಾಯಿತು. ಸಂಜೆಯಾದರೆ ಅವನ ಕೈ ಇಂದಿಗೂ ನನ್ನ ಹಿಂದಿನ ಜಾಗಕ್ಕೆ ಬಂದು ತಡಕಾಡುತ್ತದೆ. ಅಲ್ಲೇನೂ ಇಲ್ಲ. ಆಗ ತಂಬಿಗೆ ತಂದು ನನಗೆ ನೀರು ಹಾಕುತ್ತಾನೆ. ತನಗೆ ಕುಡಿಯಬೇಕೆನಿಸಿದಾಗಲೆಲ್ಲ ನನಗೆ ಕುಡಿಸುತ್ತಾನೆ. ನನ್ನ ಬುಡ ಕೊಳೆತು ಮೆತ್ತಗಾಗಿದೆ. ಟೀಚರು ಅದನ್ನು ಬೆರಳಿಂದ ಒತ್ತಿ ನೋಡಿದ್ದಾರೆ. ನನ್ನದೊಂದು ತಲೆಯನ್ನು ಕೊಯ್ದು, ಅಡುಗೆಮನೆಯ ಕಿಟಕಿಯಲ್ಲಿ ಒಣ ಮರಳಿನಲ್ಲಿ ನೆಟ್ಟಿದ್ದಾರೆ. ಅವನಿಗೆ ಹೇಳಿಲ್ಲ.

ನಿನ್ನೆ ಅವನು ತಂಬಿಗೆ ಹಿಡಿದು, “ಇವತ್ತೂ ಹಾಕ್ಲೇನು?” ಎಂದು ಕೇಳಿದ. ಟೀಚರು ನನ್ನನ್ನೇ ನೋಡಿದರು.

“ಹಾಕ್ರಿ,” ಎಂದರು.

ಬಾಯಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.