ಭಾಮೈದನ ತಲೆಯ ಚಿತ್ರ

ಡ್ರೈವಿಂಗ್ ಕಲಿಸುವ ಮೇಷ್ಟ್ರು ಬೆಳಗ್ಗೆ ಎದ್ದವರೇ ಮೊದಲು ಭಾಮೈದನನ್ನು ಬಯ್ಯುತ್ತಿದ್ದರು, ಆಮೇಲೆ ಹಲ್ಲುಜ್ಜುತ್ತಿದ್ದರು.

"ಸೂರ್ಯ ನೆತ್ತಿಗೆ ಬಂದ್ರೂ ಸಾಹೇಬ್ರಿಗೆ ಇನ್ನೂ ಬೆಳಗಾಗಿಲ್ಲ!"

ಮುಚ್ಚಿದ ಬಾಗಿಲಿನ ಆಚೆ ಮಗ್ಗುಲು ಬದಲಿಸಿದ ಸದ್ದಷ್ಟೇ ಕೇಳುತ್ತಿತ್ತು. ಒಳಗೆ ಮಲಗಿದ್ದವನು ಅವರ ಹೆಂಡತಿಯ ತಮ್ಮ, ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರು. ಕುಂಚ ಮುಟ್ಟದೆ ತಿಂಗಳು ಕಳೆದಿತ್ತು. ಸ್ನಾನಕ್ಕೂ ಅಕ್ಕನೇ ಎಬ್ಬಿಸಬೇಕು. ತಟ್ಟೆಗೆ ಹಾಕಿದ ಊಟ ಹಾಕಿದ ಹಾಗೇ ಆರಿಹೋಗುತ್ತಿತ್ತು. ಬೀದಿಯ ಡಾಕ್ಟರು ಖಿನ್ನತೆ ಎಂದು ಮಾತ್ರೆ ಕೊಟ್ಟಿದ್ದರೂ ಗುಣ ಕಂಡಿರಲಿಲ್ಲ.

"ಅವನಿಗೆ ಹುಷಾರಿಲ್ಲ ರೀ," ಎಂದಳು ಹೆಂಡತಿ.

"ಹುಷಾರಿಲ್ಲದೋರಿಗೆ ಜ್ವರ ಬರುತ್ತೆ, ಕೆಮ್ಮು ಬರುತ್ತೆ. ಇವನಿಗೆ ಬಂದಿರೋದು ನಿದ್ದೆ! ಮೈಗಳ್ಳತನಕ್ಕೆ ಮದ್ದಿಲ್ಲ ಕಣೆ."

ಕೊನೆಗೆ ಬೀದಿಯ ಡಾಕ್ಟರೇ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಮನೋರೋಗದ ವೈದ್ಯರು ಸಂಶೋಧನೆಗಾಗಿ ಮಿದುಳಿನ ಚಿತ್ರ ತೆಗೆಯುತ್ತಾರಂತೆ ಎಂದು ತಿಳಿದಾಗ ಗಂಡ ಹೆಂಡತಿ ಅಪರೂಪಕ್ಕೆ ಒಮ್ಮತಕ್ಕೆ ಬಂದರು. ತಮ್ಮನ ಕಾಯಿಲೆ ಚಿತ್ರದಲ್ಲಿ ಬಿದ್ದರೆ ಗಂಡನ ಬಾಯಿ ಮುಚ್ಚುತ್ತದೆ ಎಂಬುದು ಅವಳ ಲೆಕ್ಕ. ಏನೂ ಬೀಳದಿದ್ದರೆ ಹೆಂಡತಿಯ ಬಾಯಿ ಮುಚ್ಚುತ್ತದೆ ಎಂಬುದು ಇವರದು. ಪೇಂಟರನ್ನು ಕೇಳಿದ್ದಕ್ಕೆ, "ತೆಗೀಲಿ ಬಿಡು ಅಕ್ಕ," ಎಂದು ಮಗ್ಗುಲಾದ.

ಆಸ್ಪತ್ರೆಯಲ್ಲಿ ಮೇಷ್ಟ್ರು ತಾವೂ ಒಳಗೆ ಬರುವುದಾಗಿ ಹಟ ಹಿಡಿದರು. ಜೊತೆಯಲ್ಲಿ ಬರುವವರ ಮೈಮೇಲೂ ಲೋಹ ಇರಬಾರದೆಂದು ನರ್ಸಮ್ಮ ಹೇಳಿದಾಗ ಕೀಲಿಗೊಂಚಲು, ಗಡಿಯಾರ, ಬೆಲ್ಟು ಎಲ್ಲ ಕಳಚಿಟ್ಟರು. ಬೆಲ್ಟು ಹೋದ ಮೇಲೆ ಪ್ಯಾಂಟೂ ಹೊರಡುವ ಹವಣಿಕೆಯಲ್ಲಿತ್ತು. ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ಮೂಲೆಯಲ್ಲಿ ನಿಂತರು. ಭಾಮೈದನನ್ನು ನುಂಗಿದ ಯಂತ್ರ ಟಕಟಕ, ಡಂಡಂ, ಗೊರ್ರೋ ಎಂದು ಅರಚತೊಡಗಿತು.

"ಗೇರ್ ಬಾಕ್ಸ್ ಹೋಗಿದೆ," ಎಂದರು ಮೇಷ್ಟ್ರು.

ಮುಂದಿನ ವಾರ ಮೂವರೂ ಡಾಕ್ಟರಮ್ಮನ ಎದುರು ಕುಳಿತರು.

"ಚಿತ್ರದಲ್ಲಿ ಗೆಡ್ಡೆ, ಗಾಯ ಏನೂ ಇಲ್ಲ," ಎಂದರು ಆಕೆ.

"ನಾನು ಹೇಳ್ಲಿಲ್ವಾ!" ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು.

"ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ. ಬರೀ ಖಿನ್ನತೆ ಒಂದು ಥರ. ಕುಗ್ಗೋದು, ಆಮೇಲೆ ಮಿತಿಮೀರಿ ಉಬ್ಬೋದು, ಎರಡೂ ಇದ್ರೆ ಅದು ಬೈಪೋಲಾರ್. ಕುಗ್ಗಿದಾಗ ಎರಡೂ ಒಂದೇ ಥರ ಕಾಣುತ್ವೆ. ಎರಡೂ ಕಾಯಿಲೆಯವರ ನೂರಾರು ಚಿತ್ರ ಹೋಲಿಸಿದಾಗ, ಭಾವನೆಗಳನ್ನ ನೋಡ್ಕೊಳ್ಳೋ ಭಾಗಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಸಿಗುತ್ತೆ. ಆದರೆ ಒಬ್ಬರ ಚಿತ್ರ ನೋಡಿ ಇವರಿಗೆ ಇಂಥದ್ದೇ ಅಂತ ಹೇಳೋಕೆ ಇನ್ನೂ ಆಗಲ್ಲ."

"ಸೋಮಾರಿತನ ಆದ್ರೂ ಕಾಣುತ್ತಾ?"

"ಅದನ್ನ ತೋರಿಸೋ ಮೆಷಿನ್ ಇನ್ನೂ ಬಂದಿಲ್ಲ ಸಾರ್. ಅದಕ್ಕೇ ನಿಮ್ಮನ್ನ ಕರೆಸಿದ್ದು. ಇದಕ್ಕೆ ಉಲ್ಟಾ ಇದ್ದ ದಿನಗಳು ಯಾವಾಗಾದ್ರೂ ಇದ್ವಾ?"

"ಇಲ್ಲ, ಇಲ್ಲ," ಎಂದಳು ಅಕ್ಕ ಅವಸರದಲ್ಲಿ. ಇನ್ನೊಂದು ಹೆಸರು ಅಂಟಿಕೊಂಡೀತೆಂಬ ಭಯ ಅವಳಿಗೆ.

ಬರೀ ದೂರು ಹೇಳುವವನೆಂದು ಡಾಕ್ಟರಮ್ಮ ತಿಳಿಯಬಾರದಲ್ಲ ಎನಿಸಿತು ಮೇಷ್ಟ್ರಿಗೆ. "ಇಲ್ಲದೆ ಏನು? ಹೋದ ವರ್ಷ ನೋಡ್ಬೇಕಿತ್ತು ಇವನನ್ನ! ಮೂರು ವಾರ ಮಲಗೋದೂ ಇಲ್ಲ, ಕೂರೋದೂ ಇಲ್ಲ. ಮಾತಿಗೆ ಬ್ರೇಕೇ ಇಲ್ಲ. ಯಾರೂ ಕೇಳದೇ ಇಡೀ ಬೀದಿಯ ಬೋರ್ಡೆಲ್ಲ ಹೊಸದಾಗಿ ಬರೆದ. ಟೈಲರ್ ಅಂಗಡಿಗೆ 'ಚಕ್ರವರ್ತಿ ಹೊಲಿಗೆ ಸಾಮ್ರಾಜ್ಯ' ಅಂತ ಹೆಸರಿಟ್ಟ. ಇರೋದು ಒಂದೇ ಮೆಷಿನ್ನು! ನನ್ನ ಕಾರಿಗೆ ಹುಲಿಪಟ್ಟೆ ಬಳಿದ. ಕಲಿಯೋಕೆ ಬಂದೋರು ಹತ್ತೋಕೇ ಹೆದರಿದ್ರು. ಮುಂದೆ ವಿಮಾನಕ್ಕೂ ಬಳೀತೀನಿ ಅಂತಿದ್ದ. ಶಹಬ್ಬಾಸ್, ಗಂಡಸು ಅಂದ್ರೆ ಹೀಗಿರ್ಬೇಕು ಅಂದೆ ನಾನು!"

ಹೆಂಡತಿ ತೊಡೆ ಚಿವುಟಿದಳು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಪೇಂಟರ ಮುಖ ನೋಡಿದರು.

ಅವನು ನೆಲ ನೋಡುತ್ತಲೇ ಮೆಲ್ಲಗೆ ಹೇಳಿದ: "ಆಗ ನನಗೆ ಭಯ ಆಗ್ತಿತ್ತು ಭಾವ. ನಿಲ್ಲಿಸೋಣ ಅಂದ್ರೆ ನಿಲ್ತಿರ್ಲಿಲ್ಲ. ಯಾರಿಗಾದ್ರೂ ಹೇಳೋಣ ಅಂದ್ರೆ ನೀವೆಲ್ಲ ಅಷ್ಟು ಖುಷಿಯಾಗಿದ್ರಿ."

ಮೇಷ್ಟ್ರು ಕೈಯಲ್ಲಿ ತಿರುಗಿಸುತ್ತಿದ್ದ ಕೀಲಿಗೊಂಚಲನ್ನು ಮೆಲ್ಲಗೆ ಜೇಬಿಗಿಳಿಸಿದರು.

"ಈಗ ದಾರಿ ಸಿಕ್ತು," ಎಂದರು ಡಾಕ್ಟರಮ್ಮ. "ಇಂಥವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ರೆ ಒಮ್ಮೊಮ್ಮೆ ಏರುಪೇರು ಹೆಚ್ಚಾಗುತ್ತೆ. ಇನ್ನೂ ಒಂದಷ್ಟು ಕೇಳ್ತೀನಿ, ಆಮೇಲೆ ಔಷಧಿ ಬದಲಾಯಿಸೋಣ. ನಿಧಾನ ಆಗುತ್ತೆ, ತಾಳ್ಮೆ ಬೇಕು."

ಮನೆಗೆ ಬರುವಾಗ ಮೇಷ್ಟ್ರು ದಾರಿಯುದ್ದಕ್ಕೂ ಯಾವ ಡ್ರೈವರನ್ನೂ ಬಯ್ಯಲಿಲ್ಲ. ಹೆಂಡತಿಗೆ ಗಾಬರಿಯಾಯಿತು. ಅವರ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು: ತಾನು ಹೊಗಳಿದ್ದೂ ಕಾಯಿಲೆಯನ್ನೇ, ಬೈದದ್ದೂ ಕಾಯಿಲೆಯನ್ನೇ. ಹುಡುಗನನ್ನು ಮಾತಾಡಿಸಿದ್ದು ಯಾವತ್ತು?

ಕೆಲವು ದಿನ ಕಳೆದ ಮೇಲೆ ಚಕ್ರವರ್ತಿ ಟೈಲರು ಬೀದಿಯಲ್ಲಿ ತಡೆದು ನಿಲ್ಲಿಸಿದ. "ಏನ್ ಮೇಷ್ಟ್ರೇ, ನಿಮ್ಮ ಕುಂಭಕರ್ಣ ಎದ್ನಾ?"

ಆ ಹೆಸರನ್ನು ಇಟ್ಟವರು ಮೇಷ್ಟ್ರೇ. ಹೆಂಡತಿ ಕಲಿಸಿದ ಹಾಗೆ "ಪರಊರಿಗೆ ಹೋಗಿದಾನೆ" ಎಂದು ಜಾರಿಕೊಳ್ಳಬಹುದಿತ್ತು. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಹಾಗನ್ಬೇಡ ಮಾರಾಯ. ಅವನಿಗೆ ಹುಷಾರಿಲ್ಲ. ಬೈಪೋಲಾರ್ ಅಂತ, ಮನಸ್ಸಿನ ಕಾಯಿಲೆ. ಔಷಧಿ ನಡೀತಿದೆ."

"ಹೌದಾ? ತಲೆಯ ಚಿತ್ರ ತೆಗೆಸಿದ್ರಂತಲ್ಲ, ಅದರಲ್ಲಿ ಬಂತಾ?"

"ಇಲ್ಲ. ನನ್ನ ಬಾಯಲ್ಲಿ ಬಂತು."

ಮನೆ ಮುಂದಿನ ಮೆಟ್ಟಿಲ ಮೇಲೆ ಭಾಮೈದ ಕುಳಿತಿದ್ದ. ಅಷ್ಟು ಹೊರಗೆ ಬಂದದ್ದೇ ಅವತ್ತಿನ ಅವನ ಕೆಲಸ. ಮೇಷ್ಟ್ರು ಪಕ್ಕದಲ್ಲಿ ಕುಕ್ಕರಿಸಿದರು.

"ಹೇಗಿದ್ದೀಯೋ?"

ಅವನು ಬಹಳ ಹೊತ್ತು ಯೋಚಿಸಿದ. ನಾಲಿಗೆ ತುದಿಗೆ ಬಂದಿದ್ದ ಹತ್ತಾರು ಉಪದೇಶಗಳನ್ನು ಮೇಷ್ಟ್ರು ಒಂದೊಂದಾಗಿ ನುಂಗಿಕೊಂಡು ಕಾದರು. ಅವರ ಮಟ್ಟಿಗೆ ಅದು ಸಣ್ಣ ಕೆಲಸವಲ್ಲ.

"ಚೆನ್ನಾಗೇನೂ ಇಲ್ಲ ಭಾವ," ಎಂದ ಅವನು.

"ಸರಿ," ಎಂದರು ಮೇಷ್ಟ್ರು, ಎದ್ದು ಹೋಗದೆ.